ಇಪ್ಪತ್ತು ನಿಮಿಷದ ಬಣ್ಣ

ಸಂಚಾರ ಕಚೇರಿಯ ಎದುರು ಸಾಲಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಅಂಗಡಿ ಎನ್ನುವುದಕ್ಕಿಂತ ಎರಡು ಯಂತ್ರ, ಒಂದು ಕಂಪ್ಯೂಟರ್ ಇಟ್ಟ ಮೇಲೆ ನಾನು ನಿಲ್ಲಲು ಉಳಿದ ಜಾಗ ಎಂದರೆ ಸರಿ. ದಂಡದ ನೋಟಿಸು ಹಿಡಿದು ಬಂದವರು ಕಚೇರಿಯ ಮೆಟ್ಟಿಲು ಹತ್ತುವ ಮೊದಲು ನನ್ನಲ್ಲಿಗೆ ಬಂದು ಮೇಲ್ಮನವಿ ಟೈಪು ಮಾಡಿಸುತ್ತಾರೆ. ಹದಿನಾಲ್ಕು ವರ್ಷದಲ್ಲಿ ನಾನು ಟೈಪು ಮಾಡಿದ ಸುಳ್ಳುಗಳನ್ನೆಲ್ಲ ಒಟ್ಟಿದರೆ ನನ್ನ ಅಂಗಡಿಯಲ್ಲಿ ಹಿಡಿಸಲಾರವು. ಬಸ್ ಲೇನಿನಲ್ಲಿ ಕಾರು ಓಡಿಸಿ ಸಿಕ್ಕಿಬಿದ್ದವನ ಹೆಂಡತಿಗೆ ಸರಿಯಾಗಿ ಅದೇ ಹೊತ್ತಿಗೆ ಹೆರಿಗೆ ನೋವು ಬಂದಿರುತ್ತದೆ. ಒಬ್ಬ ಮಹಾನುಭಾವನ ಹೆಂಡತಿಗೆ ಒಂದೇ ವರ್ಷದಲ್ಲಿ ಮೂರು ಸಲ ಬಂದಿತ್ತು. ನಾನು ತುಟಿ ಪಿಟಕ್ಕೆನ್ನದೆ ಟೈಪು ಮಾಡಿಕೊಟ್ಟೆ.

ಹಾಗಾಗಿ ಭಾವ, ಅಂದರೆ ನನ್ನ ಅಕ್ಕನ ಗಂಡ, ಒಂದು ಸೋಮವಾರ ಬೆಳಿಗ್ಗೆ ನೋಟಿಸು ಹಿಡಿದು ಅಂಗಡಿಯ ಮುಂದೆ ನಿಂತಾಗ ನನಗೆ ನಗು ಬಂತು. ಬಸ್ ಲೇನಿನಲ್ಲಿ ಕಾರು ಓಡಿಸಿದ್ದಕ್ಕೆ ದಂಡ. ಬೇರೆ ಯಾರಿಗೆ ಬಂದಿದ್ದರೂ ನಗುತ್ತಿರಲಿಲ್ಲ. ಆದರೆ ಆ ಬಸ್ ಲೇನಿನ ಗೆರೆಯನ್ನು ಬಳಿದವರು ಭಾವನೇ.

ಭಾವನ ಉದ್ಯೋಗ ರಸ್ತೆಗೆ ಗೆರೆ ಎಳೆಯುವುದು. ಮೂವತ್ತೊಂದು ವರ್ಷದಿಂದ ಅದೇ ಕೆಲಸ, ಒಂದೇ ಗುತ್ತಿಗೆ ಕಂಪನಿ. ಗೆರೆ ಬಂಡಿ ಎಂದು ಅವರು ಕರೆಯುವ ಒಂದು ಗಿಡ್ಡ ಲಾರಿ ಇದೆ. ಹಿಂದೆ ಬಣ್ಣದ ಡ್ರಮ್ಮು, ಪಕ್ಕದಲ್ಲಿ ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿ ಚಾಲಕನ ಸೀಟು, ಮುಂದೆ ಉದ್ದನೆಯ ಕಬ್ಬಿಣದ ಕಡ್ಡಿ. ಕಡ್ಡಿಯ ತುದಿ ಎಲ್ಲಿ ಹೋಗುತ್ತದೋ ಗೆರೆ ಅಲ್ಲಿ ಬೀಳುತ್ತದೆ. ಬೇರೆ ತಂಡದವರು ಮೊದಲು ದಾರ ಹಿಡಿದು ಸುಣ್ಣದ ಗುರುತು ಹಾಕಿಕೊಳ್ಳುತ್ತಾರೆ. ಭಾವ ಬರಿಗಣ್ಣಿನಲ್ಲೇ ಒಂದು ಮೈಲಿ ಎಳೆಯುತ್ತಾರೆ, ಎಳ್ಳಷ್ಟೂ ಓರೆಯಾಗುವುದಿಲ್ಲ. ಆ ಸೀಟಿನ ಮೇಲೆ ಅವರಿಗೆ ಎಷ್ಟು ಮೋಹ ಎಂದರೆ, ಮನೆಯಲ್ಲಿ ಸೋಫಾ ಇದ್ದರೂ ತಗ್ಗಿನ ಮಣೆಯೊಂದನ್ನು ಎಳೆದುಕೊಂಡು ಗೋಡೆಗೆ ಒರಗಿ ಕೂರುತ್ತಾರೆ. ನಿವೃತ್ತಿಗೆ ಇನ್ನು ಏಳು ತಿಂಗಳಿತ್ತು.

ಅವರ ಇನ್ನೊಂದು ಗುಣವನ್ನೂ ಹೇಳಬೇಕು. ಭಾವನಿಗೆ ಮಾತೆಂದರೆ ಪ್ರಾಣ. ಬಾಯಿ ಬಿಟ್ಟರೆ ಮುಚ್ಚುವುದಿಲ್ಲ. ಯಾರೋ ಕಾರು ನಿಲ್ಲಿಸಿ ಹೋಗಿದ್ದಾಗ ಅದರ ಸುತ್ತಲೂ ಗೆರೆ ಎಳೆದು, ಕಾರು ತೆಗೆದ ಮೇಲೆ ರಸ್ತೆಯಲ್ಲಿ ಕಾರಿನ ಆಕಾರ ಉಳಿದ ಕಥೆಯನ್ನು ನಾನು ನಲವತ್ತು ಸಲವಾದರೂ ಕೇಳಿದ್ದೇನೆ. ಪ್ರತಿ ಸಲವೂ ಕಾರು ಸ್ವಲ್ಪ ದೊಡ್ಡದಾಗುತ್ತದೆ.

ನೋಟಿಸಿನಲ್ಲಿ ಕ್ಯಾಮೆರಾ ತೆಗೆದ ಫೋಟೋ ಇತ್ತು: ಖಾಲಿ ಬಸ್ ಲೇನಿನ ನಡುವೆ ಭಾವನ ಹಳೇ ಬಿಳಿ ಕಾರು, ಪಕ್ಕದ ಲೇನಿನಲ್ಲಿ ಒಂದು ಟ್ಯಾಕ್ಸಿ. ಸಮಯ ಹನ್ನೊಂದು ಗಂಟೆ ಹದಿನೇಳು ನಿಮಿಷ. ಏನಾಯಿತು ಎಂದು ಕೇಳಿದೆ. ಆ ದಿನ ಅವರು ರಜೆ ಹಾಕಿ ಅಕ್ಕನನ್ನು ಕಣ್ಣಿನ ತಪಾಸಣೆಗೆ ಕರೆದುಕೊಂಡು ಹೋಗಿದ್ದರು. ವಾಪಸು ಬರುವಾಗ ನೆಟ್ಟಗಿನ ದಾರಿ ಬಿಟ್ಟು ಬಳಸುದಾರಿ ಹಿಡಿದರು. ಅಂದು ಬೆಳಿಗ್ಗೆ ತಮ್ಮ ತಂಡ ಆ ರಸ್ತೆಯಲ್ಲಿ ‘ನಿಧಾನ’ ಎಂದು ಆಳುದ್ದದ ಅಕ್ಷರಗಳನ್ನು ಬಳಿದಿತ್ತು, ಅದನ್ನು ನೋಡದೆ ಮನೆಗೆ ಹೋದರೆ ಅವರಿಗೆ ಊಟ ಸೇರುವುದಿಲ್ಲ. ಹತ್ತಿರ ಹೋದಾಗ ಕಂಡಿತು: ವಾಹನ ತಡೆಯಲು ಸುತ್ತ ಇಟ್ಟಿರಬೇಕಾದ ಪ್ಲಾಸ್ಟಿಕ್ ಕೋನುಗಳು ಇರಲಿಲ್ಲ, ಬಣ್ಣ ಇನ್ನೂ ಹಸಿ. ಒಣಗಿದ ಬಣ್ಣದಲ್ಲಿ, ರಾತ್ರಿ ಹೊಳೆಯಲೆಂದು ಉದುರಿಸುವ ಗಾಜಿನ ಪುಡಿ ಚುಕ್ಕಿ ಚುಕ್ಕಿಯಾಗಿ ಮಿನುಗುತ್ತದಂತೆ, ಹಸಿ ಬಣ್ಣ ಒಂದೇ ಹಾಸಾಗಿ ಹೊಳೆಯುತ್ತದಂತೆ. ನಮ್ಮ ನಿಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಭಾವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು, ಕೈ ಸ್ಟೀರಿಂಗನ್ನು ಬಸ್ ಲೇನಿಗೆ ತಿರುಗಿಸಿತು. ಹಸಿ ಬಣ್ಣದ ಮೇಲೆ ಚಕ್ರ ಹತ್ತಿಸುವುದು ಅವರ ಪಾಲಿಗೆ ಮಲಗಿದ ಮಗುವನ್ನು ತುಳಿದ ಹಾಗೆ. ನಲವತ್ತು ಹೆಜ್ಜೆ ದೂರ ಬಸ್ ಲೇನಿನಲ್ಲಿ ಹೋಗಿ ಮತ್ತೆ ತಮ್ಮ ಲೇನಿಗೆ ಬಂದರು. ಅಷ್ಟರಲ್ಲಿ ಕ್ಯಾಮೆರಾ ಕಣ್ಣು ಮಿಟುಕಿಸಿತ್ತು.

ಕಟ್ಟಿಬಿಡಿ ಎಂದೆ. ಸಾಕ್ಷಿ ಯಾರಿದ್ದಾರೆ? ಕಾರಿನಲ್ಲಿದ್ದ ಒಬ್ಬಳೇ ಒಬ್ಬ ಪ್ರತ್ಯಕ್ಷ ಸಾಕ್ಷಿ ನಮ್ಮಕ್ಕ, ಅವಳ ಎರಡೂ ಕಣ್ಣಿಗೆ ಡಾಕ್ಟರು ಔಷಧಿ ಬಿಟ್ಟು ಕಳಿಸಿದ್ದರು.

ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ ಎಂದರು ಭಾವ. ಅವರ ಕಂಪನಿಯಲ್ಲಿ ಒಂದು ನಿಯಮವಿದೆ: ರಸ್ತೆ ಗೆರೆ ಮೀರಿದ ದಾಖಲೆ ಇರುವವನು ಗೆರೆ ಬಂಡಿ ಓಡಿಸುವಂತಿಲ್ಲ. ಉಳಿದ ಏಳು ತಿಂಗಳು ಆ ಸೀಟಿನಲ್ಲಿ ಕೂರುವುದೋ ಡಿಪೋದಲ್ಲಿ ಬಕೆಟ್ಟು ತೊಳೆಯುವುದೋ, ಅದು ಈ ಒಂದು ಹಾಳೆಯ ಮೇಲೆ ನಿಂತಿತ್ತು. ಅಂದು ಭಾವ ಬೇರೆ ಯಾವ ಕಥೆಯನ್ನೂ ಹೇಳಲಿಲ್ಲ. ಅದರಿಂದಲೇ ನನಗೆ ವಿಷಯ ದೊಡ್ಡದು ಎಂದು ಗೊತ್ತಾಯಿತು.

ಕಂಪ್ಯೂಟರಿನ ಮುಂದೆ ಕೂತೆ. ಅಭ್ಯಾಸಬಲದಿಂದ, ಅಕ್ಕನ ಕಣ್ಣಿಗೆ ತಡೆಯಲಾರದ ನೋವು ಬಂದಿತ್ತು ಎಂದು ಸೇರಿಸಲೇ ಎಂದು ಕೇಳಿದೆ. ಭಾವ ನನ್ನನ್ನು ನೋಡಿದ ರೀತಿಗೆ ಬೆರಳು ಕೀಲಿಯ ಮೇಲೇ ನಿಂತಿತು. ನಡೆದದ್ದನ್ನು ನಡೆದ ಹಾಗೇ ಬರೆ ಎಂದರು. ಅಂಗಡಿ ತೆರೆದ ಮೇಲೆ ಮೊದಲ ಸಲ ನಿಜ ಟೈಪು ಮಾಡಿದೆ. ಅರ್ಧ ಪುಟವೂ ಆಗಲಿಲ್ಲ.

ರಸ್ತೆ ಕೆಲಸ ನಡೆಯುತ್ತಿರುವಲ್ಲಿ ಅಡ್ಡಿ ತಪ್ಪಿಸಲು ಬಸ್ ಲೇನಿಗೆ ಹೋಗಬಹುದು ಎಂದು ಸಂಚಾರ ನಿಯಮದಲ್ಲೇ ಇದೆ. ಬಣ್ಣ ಒಣಗುವವರೆಗೆ ಗೆರೆ ಕೆಲಸ ಮುಗಿದಂತಲ್ಲ ಎಂದು ರಸ್ತೆ ಇಲಾಖೆಯ ಕೈಪಿಡಿಯಲ್ಲಿದೆ. ಆ ಪುಟ ಭಾವನಿಗೆ ಬಾಯಿಪಾಠ. ಹಾಗಾಗಿ ಉಳಿದಿದ್ದು ಒಂದೇ. ಹನ್ನೊಂದು ಹದಿನೇಳಕ್ಕೆ ಬಣ್ಣ ಹಸಿಯಾಗಿತ್ತು ಎಂದು ತೋರಿಸಬೇಕು.

ನೋಟಿಸಿನ ಫೋಟೋವನ್ನು ನನ್ನ ಯಂತ್ರದಲ್ಲಿ ದೊಡ್ಡದು ಮಾಡಿದೆವು. ಎಂಟು ಪಟ್ಟು ಹಿಗ್ಗಿಸಿದಾಗ ಟ್ಯಾಕ್ಸಿಯ ಹಿಂದೆ ನೆಲದ ಮೇಲೆ ನಾಲ್ಕು ಮಸುಕು ಬಿಳಿ ಚುಕ್ಕೆ ಕಂಡವು. ಧೂಳು ಎಂದೆ ನಾನು. ಭಾವ ಕನ್ನಡಕ ಹಣೆಗೇರಿಸಿ ಹಾಳೆಯನ್ನು ಮೂಗಿಗೆ ಹಿಡಿದುಕೊಂಡರು. ಟ್ಯಾಕ್ಸಿ ಹಸಿ ಅಕ್ಷರ ತುಳಿದು ಬಂದಿದೆ, ಚಕ್ರಕ್ಕೆ ಮೆತ್ತಿದ ಬಣ್ಣ ಪ್ರತಿ ಸುತ್ತಿಗೂ ಒಂದು ಮುದ್ರೆ ಒತ್ತಿದೆ ಎಂದರು. ಮುದ್ರೆಗಳ ಅಂತರ ಚಕ್ರದ ಸುತ್ತಳತೆಯಷ್ಟೇ ಇರಬೇಕು. ಇದ್ದರೆ ಅದು ಧೂಳಲ್ಲ.

ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಜಗತ್ತೆಲ್ಲ ಹೊದ್ದು ಮಲಗಿರುವಾಗ, ನಾನು ಟೇಪಿನ ಒಂದು ತುದಿ ಹಿಡಿದು ರಸ್ತೆಯ ಮಧ್ಯೆ ಕುಕ್ಕರಗಾಲಿನಲ್ಲಿ ಕೂತಿದ್ದೆ. ಭಾವ ಇನ್ನೊಂದು ತುದಿ ಹಿಡಿದಿದ್ದರು. ‘ಧಾ’ ಅಕ್ಷರದ ಬಲಗಡೆ ಟಯರಿನ ಅಚ್ಚು ಮೂಡಿತ್ತು, ಮುಂದೆ ಮಾಸುತ್ತಾ ಹೋದ ಮುದ್ರೆಗಳು. ಒಂದೊಂದರ ನಡುವೆಯೂ ಎರಡು ಮೀಟರಿಗೆ ನಾಲ್ಕು ಬೆರಳು ಕಡಿಮೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಟ್ಯಾಕ್ಸಿ ನಿಲ್ದಾಣಕ್ಕೆ ಹೋಗಿ ಅದೇ ಮಾದರಿಯ ಕಾರಿನ ಚಕ್ರಕ್ಕೆ ಟೇಪು ಸುತ್ತಿದೆವು. ಚಾಲಕ ನಮ್ಮನ್ನು ಹುಚ್ಚರೆಂದುಕೊಂಡ. ಅಳತೆ ಸರಿಹೋಯಿತು. ಕುಣಿಯಬೇಕು ಅನ್ನಿಸಿತು ನನಗೆ, ಆದರೆ ಭಾವನ ಮುಖ ಅರಳಲಿಲ್ಲ. ಬಣ್ಣ ಹಸಿ ಇದ್ದದ್ದೇ ಆದರೆ ಕೋನು ಎತ್ತಿದ್ದು ಯಾಕೆ ಎಂದು ತಮಗೆ ತಾವೇ ಹೇಳಿಕೊಳ್ಳುವಂತೆ ಕೇಳಿದರು.

ಅವರ ತಂಡದಲ್ಲಿ ಕೋನು ಇಡುವುದೂ ಎತ್ತುವುದೂ ಕೋನಮ್ಮನ ಕೆಲಸ. ಹೆಸರು ಬೇರೆ ಇದೆ, ಕರೆಯುವುದು ಮಾತ್ರ ಹಾಗೆ. ಐವತ್ತರ ಹತ್ತಿರದ ಹೆಂಗಸು, ಹದಿನಾರು ವರ್ಷದಿಂದ ದಿನಗೂಲಿ, ಮಾತು ಕಡಿಮೆ. ಅಲ್ಲಿಂದ ನೇರವಾಗಿ ಅವಳ ಮನೆಗೆ ಹೋದೆವು. ಎರಡನೇ ಮಹಡಿಯ ಒಂದು ಕೋಣೆ. ಒಲೆಯ ಪಕ್ಕದಲ್ಲೇ ಮಂಚ, ಕಿಟಕಿಯ ಸರಳಿಗೆ ಕಿತ್ತಳೆ ಬಣ್ಣದ ಕೆಲಸದ ಜಾಕೆಟ್ಟು ನೇತುಹಾಕಿತ್ತು. ಅವಳು ತಪ್ಪಿಸಿಕೊಳ್ಳಲು ನೋಡಲಿಲ್ಲ. ಹತ್ತು ಐವತ್ತಕ್ಕೆ ಅಕ್ಷರ ಮುಗಿಯಿತು, ಹನ್ನೊಂದು ಹತ್ತಕ್ಕೆ ಕೋನು ಎತ್ತಿದೆ ಎಂದಳು. ಆ ಬೆಳಿಗ್ಗೆ ಭಾವನೇ ಫೋನು ಮಾಡಿ ಹೇಳಿದ್ದರು, ಇಪ್ಪತ್ತು ನಿಮಿಷ ಬಿಟ್ಟು ಎತ್ತು ಎಂದು.

ಇಪ್ಪತ್ತು ನಿಮಿಷ ಸಾಕಲ್ಲವೇ, ಮೂವತ್ತು ವರ್ಷದಿಂದ ಇಪ್ಪತ್ತು ನಿಮಿಷಕ್ಕೇ ಎತ್ತುತ್ತಿದ್ದೇವಲ್ಲ ಎಂದರು ಭಾವ.

ಕೋನಮ್ಮ ಮಂಚದ ಕೆಳಗಿನಿಂದ ಒಂದು ನೋಟುಪುಸ್ತಕ ತೆಗೆದಳು. ಕೋನು ಇಟ್ಟ ಹೊತ್ತು, ಎತ್ತಿದ ಹೊತ್ತು, ದಿನ ದಿನವೂ ಬರೆದಿಟ್ಟಿದ್ದಳು. ಭಾವ ಪುಟ ತಿರುವಿದರು. ನಲವತ್ತೆರಡು ನಿಮಿಷ. ಮೂವತ್ತೊಂಬತ್ತು. ನಲವತ್ತೈದು. ಎಲ್ಲೂ ಇಪ್ಪತ್ತು ಇರಲಿಲ್ಲ.

“ನೀವಿದ್ದಾಗ ಕೋನು ಇಟ್ಟು ಟೀ ಕುಡಿಯೋಕೆ ಕೂರ್ತೀವಿ,” ಎಂದಳು ಕೋನಮ್ಮ. “ನೀವು ಕಥೆ ಶುರು ಮಾಡ್ತೀರಿ. ಕಥೆ ಮುಗಿಸಿ ‘ಇಪ್ಪತ್ತು ನಿಮಿಷ ಆಯ್ತು, ಎತ್ತಿ’ ಅಂತೀರಿ. ನಿಮ್ಮ ಇಪ್ಪತ್ತು ನಿಮಿಷ ಯಾವತ್ತೂ ಇಪ್ಪತ್ತು ನಿಮಿಷ ಆಗಿರ್ಲಿಲ್ಲ. ಅವತ್ತು ನೀವಿರ್ಲಿಲ್ಲ, ನಾನು ಗಡಿಯಾರ ನೋಡಿದೆ.”

ನನಗೆ ನಗು ತಡೆಯಲಾಗಲಿಲ್ಲ, ಉಸಿರು ಸಿಕ್ಕಿಕೊಂಡು ಕೆಮ್ಮು ಬಂತು. ಆದರೆ ಭಾವ ನಗಲಿಲ್ಲ. ಬಣ್ಣ ಒಣಗಲು ಬೇಕಾದದ್ದು ನಲವತ್ತು ನಿಮಿಷ, ಮೂವತ್ತೊಂದು ವರ್ಷ ಅದನ್ನು ಕಾಪಾಡಿದ್ದು ಅವರ ಅನುಭವವಲ್ಲ, ಅವರ ಹರಟೆ. ಅವರು ನೋಟುಪುಸ್ತಕವನ್ನು ಕೇಳಿ ಪಡೆದರು, ವಿಚಾರಣೆ ಮುಗಿದ ಮೇಲೆ ಹಿಂತಿರುಗಿಸುತ್ತೇನೆ ಎಂದರು.

ಮರುದಿನವೇ ಕಂಪನಿಯ ಮ್ಯಾನೇಜರು ನನ್ನ ಅಂಗಡಿಗೆ ಬಂದರು. ಸುದ್ದಿ ಹೇಗೆ ಹೋಯಿತೋ ತಿಳಿಯದು. ಬೆಣ್ಣೆಯಂಥ ಮಾತು. ಕೋನಮ್ಮ ಯಾರನ್ನೂ ಕೇಳದೆ ಬೇಗ ಕೋನು ಎತ್ತಿದಳು ಎಂದು ಮೇಲ್ಮನವಿಯಲ್ಲಿ ಒಂದು ಸಾಲು ಸೇರಿಸಿದರೆ ಕಂಪನಿಯೂ ಅದನ್ನು ಸಮರ್ಥಿಸಿ ಪತ್ರ ಕೊಡುತ್ತದೆ, ದಂಡ ರದ್ದಾಗುತ್ತದೆ, ಸೀಟು ಉಳಿಯುತ್ತದೆ ಎಂದರು. ಅವಳು ದಿನಗೂಲಿಯವಳು, ಅವಳಿಗೆ ದಾಖಲೆ ಗೀಖಲೆ ಏನೂ ಇಲ್ಲ. ನಾಳೆಯಿಂದ ಬರಬೇಡ ಎಂದರೆ ಆಯಿತು.

ಸುಳ್ಳು ಹೇಳಬಾರದು, ನನಗೆ ಆ ದಾರಿ ಸಲೀಸು ಅನ್ನಿಸಿತು. ಎಷ್ಟೆಂದರೂ ಅವಳೇ ತಾನೇ ಕೋನು ಎತ್ತಿದ್ದು ಎಂದು ಭಾವನಿಗೆ ಹೇಳಿಯೂ ಹೇಳಿದೆ. ಒಲೆಯ ಮುಂದಿದ್ದ ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದು, ನಿನ್ನ ಬಾಯಿಗಿಷ್ಟು ಮಣ್ಣು ಹಾಕ ಎಂದಳು. ಭಾವ ಮಾತ್ರ ಬೈಯಲಿಲ್ಲ. ಗೋಡೆಯ ಕಡೆ ನೋಡುತ್ತಾ, ಸೀಟು ಬೇಕು ಕಣೋ, ಬಹಳ ಬೇಕು ಎಂದರು. ಆಮೇಲೆ ಅವರು ಎದ್ದು ವಿಚಾರಣೆಗೆ ಹಾಕಿಕೊಳ್ಳುವ ಅಂಗಿಯನ್ನು ತಾವೇ ಇಸ್ತ್ರಿ ಮಾಡಲು ಕೂತರು.

ವಿಚಾರಣೆ ಕಚೇರಿಯ ಮೂರನೇ ಮಹಡಿಯಲ್ಲಿ. ಹದಿನಾಲ್ಕು ವರ್ಷ ಎದುರಿಗಿದ್ದೂ ನಾನು ಆ ಕೋಣೆಯನ್ನು ನೋಡಿರಲಿಲ್ಲ. ದೊಡ್ಡದೇನಲ್ಲ: ಒಂದು ಮೇಜು, ಆಚೆ ಒಂದು ಕುರ್ಚಿ, ಈಚೆ ಮೂರು, ಮೂಲೆಯಲ್ಲಿ ಕಡತ ತುಂಬಿದ ರಟ್ಟಿನ ಪೆಟ್ಟಿಗೆಗಳು. ಅಧಿಕಾರಿ ನಲವತ್ತರ ಆಸುಪಾಸಿನ ಹೆಂಗಸು, ಪೆನ್ನಿನ ಮುಚ್ಚಳ ತೆಗೆದಿಟ್ಟು ಮಾತಾಡುವವಳು. ನಮ್ಮ ಮನವಿ ಓದಿ, ಹೆರಿಗೆ ನೋವಿಲ್ಲದ ಮನವಿ ಇವತ್ತು ಇದೊಂದೇ ಎಂದಳು. ನಾನು ತಲೆ ತಗ್ಗಿಸಿದೆ.

ಭಾವ ದೊಡ್ಡದು ಮಾಡಿದ ಫೋಟೋ ಇಟ್ಟರು. ಅಳತೆಯ ಹಾಳೆ ಇಟ್ಟರು. ಕೈಪಿಡಿಯ ಪುಟ ಇಟ್ಟರು. ಕಥೆ ಹೇಳಲಿಲ್ಲ, ಬಣ್ಣಿಸಲಿಲ್ಲ, ಕೇಳಿದ್ದಕ್ಕೆ ಉತ್ತರ ಅಷ್ಟೇ. ಅಧಿಕಾರಿ ಟ್ಯಾಕ್ಸಿಯ ಹಿಂದಿನ ಚುಕ್ಕೆಗಳನ್ನು ಅಡಿಪಟ್ಟಿ ಇಟ್ಟು ತಾನೇ ಅಳೆದಳು, ಎರಡು ಸಲ. ಬಣ್ಣ ಹಸಿ ಇತ್ತೆಂದು ಒಪ್ಪುತ್ತೇನೆ ಎಂದಳು. ನನ್ನ ಎದೆ ಹಗುರಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳು ಪೆನ್ನನ್ನು ಕೆಳಗಿಡಲಿಲ್ಲ.

ಹಸಿ ಬಣ್ಣದ ಮೇಲೆ ವಾಹನ ಬಿಟ್ಟಿದ್ದು ಯಾರು ಎಂದು ಕೇಳಿದಳು. ಬೈಕಿನವನೊಬ್ಬ ಜಾರಿ ಬಿದ್ದಿದ್ದರೆ ಗತಿ ಏನು?

ಗುತ್ತಿಗೆ ಕಂಪನಿ ಎಂದರೆ ಸಾಕಿತ್ತು. ಗೊತ್ತಿಲ್ಲ ಎಂದರೂ ಸಾಕಿತ್ತು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅವರು ಕಾಲನ್ನು ಪಕ್ಕಕ್ಕೆ ಸರಿಸಿಕೊಂಡು ಕೋನಮ್ಮನ ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟರು.

“ನಾನೇ ಬಿಟ್ಟಿದ್ದು,” ಎಂದರು. “ರಜೆಯಲ್ಲಿದ್ದೆ, ಆದ್ರೆ ಇಪ್ಪತ್ತು ನಿಮಿಷಕ್ಕೆ ಎತ್ತು ಅಂತ ಫೋನಲ್ಲಿ ಹೇಳಿದ್ದು ನಾನು. ಅವಳು ಹೇಳಿದ ಹಾಗೆ ಮಾಡಿದ್ಲು. ಒಣಗೋಕೆ ನಲವತ್ತು ಬೇಕು. ಮೂವತ್ತೊಂದು ವರ್ಷ ನನಗೇ ಗೊತ್ತಿರ್ಲಿಲ್ಲ. ಇದರಲ್ಲಿ ಎಲ್ಲಾ ಇದೆ, ನೋಡಿ.”

ಅಧಿಕಾರಿ ಪುಟ ತಿರುವಿದಳು. ಯಾಕೆ ಗೊತ್ತಿರಲಿಲ್ಲ ಎಂದು ಕೇಳಿದಳು. ಭಾವ ಕಿವಿಯ ತನಕ ಕೆಂಪಾಗಿ, ತಮ್ಮದು ಮಾತು ಜಾಸ್ತಿ ಎಂದು ಹೇಳಿದರು. ಅವಳು ನಗಬಹುದಿತ್ತು, ನಗಲಿಲ್ಲ. ದಂಡವನ್ನು ರದ್ದು ಮಾಡುತ್ತೇನೆ, ಆದರೆ ಈಗ ಹೇಳಿದ್ದು ಆದೇಶದಲ್ಲಿ ಬರುತ್ತದೆ, ಅದರ ನಕಲು ರಸ್ತೆ ಇಲಾಖೆಗೂ ನಿಮ್ಮ ಕಂಪನಿಗೂ ಹೋಗುತ್ತದೆ, ಬೇಕಾದರೆ ಈಗಲೂ ಮಾತು ಹಿಂತೆಗೆದುಕೊಳ್ಳಬಹುದು ಎಂದಳು.

“ಮಾಡದ ತಪ್ಪಿಗೆ ಒಂದು ಸಾಲೂ ಬೇಡ ಮೇಡಂ, ಅದಕ್ಕೇ ಬಂದಿದ್ದು,” ಎಂದರು ಭಾವ. “ಮಾಡಿದ ತಪ್ಪಿಗೆ ಒಂದು ಪುಟ ಬರೀರಿ.”

ಅವಳು ಬರೆದಳು. ಪುಟ ತುಂಬಲಿಲ್ಲ, ಮುಕ್ಕಾಲಾಯಿತು.

ಹತ್ತು ದಿನಕ್ಕೆ ಕಂಪನಿಯ ಪತ್ರ ಬಂತು. ಗೆರೆ ಮೀರಿದ ದಾಖಲೆ ಇಲ್ಲ, ಸಂತೋಷ; ಆದರೆ ಕೆಲಸದಲ್ಲಿ ಅಜಾಗರೂಕತೆ ಒಪ್ಪಿಕೊಂಡಿರುವುದರಿಂದ ಉಳಿದ ಅವಧಿಗೆ ಗೆರೆ ಬಂಡಿಯಿಂದ ಇಳಿಸಲಾಗಿದೆ, ಕೋನುಗಳ ಕೆಲಸಕ್ಕೆ ಹಾಕಲಾಗಿದೆ. ಕೋನಮ್ಮನ ಮೇಲೆ ಯಾವ ಮಾತೂ ಇರಲಿಲ್ಲ. ನಾನು ಮ್ಯಾನೇಜರಿಗೆ ಬಾಯಿಗೆ ಬಂದದ್ದೆಲ್ಲ ಬೈದೆ, ಅಂಗಡಿಯೊಳಗೇ ನಿಂತು, ಅವರಿಗೆ ಕೇಳಿಸದ ಹಾಗೆ. ಭಾವ ಪತ್ರವನ್ನು ಎರಡು ಸಲ ಓದಿ, ಹೊಟ್ಟೆ ಉರಿಯುತ್ತಿದೆ ಕಣೋ ಎಂದರು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಅಕ್ಕ ಬಂದು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಮಾರನೆಯ ದಿನ ಭಾವ ಮಾಮೂಲಿ ಹೊತ್ತಿಗೇ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೋದರು.

ಒಂದು ತಿಂಗಳ ಮೇಲೆ ಕಾಗದ ಕೊಳ್ಳಲು ಹೋಗುವಾಗ ಅವರ ತಂಡ ನನಗೆ ಎದುರಾಯಿತು. ಜನ ರಸ್ತೆ ದಾಟುವ ಪಟ್ಟೆಗಳನ್ನು ಆಗಷ್ಟೇ ಬಳಿದಿದ್ದರು. ಭಾವ ಕಿತ್ತಳೆ ಜಾಕೆಟ್ಟು ತೊಟ್ಟು ಕೋನುಗಳ ಪಕ್ಕ ನಿಂತಿದ್ದರು, ಅವರಿಂದ ಸ್ವಲ್ಪ ದೂರದಲ್ಲಿ ಕೋನಮ್ಮ. ಗೆರೆ ಬಂಡಿಯ ತಗ್ಗಿನ ಸೀಟಿನಲ್ಲಿ ಬೇರೆ ತಂಡದಿಂದ ಬಂದ ಮೀಸೆಯವನೊಬ್ಬ ಕೂತು ಇಂಜಿನು ಚಾಲೂ ಇಟ್ಟಿದ್ದ. ನಾನು ಸ್ಕೂಟರು ನಿಲ್ಲಿಸಿದೆ. ವಾಹನಗಳ ಸಾಲು ಬೆಳೆದಿತ್ತು, ಹಾರನ್ನು ಕಿವಿ ಹರಿಯುತ್ತಿತ್ತು. ಮೀಸೆಯವನು ಗಡಿಯಾರ ತೋರಿಸಿ, ಇಪ್ಪತ್ತು ನಿಮಿಷ ಆಯಿತು, ಎತ್ತಿಸಿ ಎಂದು ಕೂಗಿದ. ಭಾವ ಕೈ ಅಡ್ಡ ಹಿಡಿದು ನಿಂತೇ ಇದ್ದರು.

ಮೀಸೆಯವನು ಬಂಡಿ ಇಳಿದು ಬಂದ. ಇಪ್ಪತ್ತು ನಿಮಿಷದ ಲೆಕ್ಕ ಎಲ್ಲ ತಂಡಗಳಿಗೂ ಹೇಳಿಕೊಟ್ಟಿದ್ದು ನೀವೇ ತಾನೇ, ಈಗ ಬಂಡಿ ಓಡಿಸುವವನು ನಾನು, ಯಾರ ಮಾತು ಕೇಳಬೇಕು ಎಂದು ದಬಾಯಿಸಿದ.

ಭಾವ ಜಾಕೆಟ್ಟಿನ ಒಳಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದರು. ಆದೇಶದ ಪ್ರತಿ, ನನ್ನ ಅಂಗಡಿಯಲ್ಲೇ ತೆಗೆಸಿದ್ದು. ದಂಡ ರದ್ದಾದ ಸಾಲುಗಳನ್ನು ಒಳಕ್ಕೆ ಮಡಿಸಿ, ತಮ್ಮ ತಪ್ಪನ್ನು ಬರೆದ ಭಾಗವನ್ನು ಮೇಲಕ್ಕೆ ಬರುವ ಹಾಗೆ ಹಿಡಿದು ಅವನ ಕೈಗೆ ಕೊಟ್ಟರು.

“ಇಪ್ಪತ್ತು ಅಂತ ಹೇಳಿದವನ ಮಾತು ಕೇಳಬೇಡ,” ಎಂದರು. “ಅವನು ತಪ್ಪು. ಸರ್ಕಾರಿ ಮೊಹರು ಹಾಕಿ ಬರೆದಿದ್ದಾರೆ, ಓದು. ಓದಿ ಮುಗಿಸೋ ಹೊತ್ತಿಗೆ ಸ್ವಲ್ಪ ಒಣಗಿರುತ್ತೆ.”